ನಿಳಾ ತೀರದ ಕೊಸೈನ್

ಕೇರಳದ ಪೊನ್ನಾನಿಯ ಬಳಿ ಅರಬ್ಬೀ ಸಮುದ್ರ ಸೇರುವ ನಿಳಾ ನದಿಗೆ ಭಾರತಪ್ಪುಳ ಎಂದೂ ಹೆಸರು. ಅದರ ಉತ್ತರ ದಡದಿಂದ ತಿರೂರಿನತ್ತ ಹೋದರೆ ಆಲತ್ತಿಯೂರು, ತೃಕ್ಕಂಡಿಯೂರು ಎಂಬ ಊರುಗಳು ಸಿಗುತ್ತವೆ. 14ನೇ ಶತಮಾನದ ಕೊನೆಯಿಂದ 17ನೇ ಶತಮಾನದ ಆರಂಭದವರೆಗೆ ಈ ಊರುಗಳ ಕೆಲವೇ ಮನೆಗಳಲ್ಲಿ, ಆ ಕಾಲದಲ್ಲಿ ಬೇರೆಲ್ಲೂ ನಡೆಯದಂಥ ಗಣಿತ ನಡೆಯಿತು. ಗುರುವಿನಿಂದ ಶಿಷ್ಯನಿಗೆ, ಅಪ್ಪನಿಂದ ಮಗನಿಗೆ ದಾಟುತ್ತ ಬಂದ ಆ ವಿದ್ಯೆಯ ತಿರುಳಿನಲ್ಲಿ ಒಂದು ರೇಖೆಯಿತ್ತು. ಅವರು ಅದನ್ನು ಕೋಟಿಜ್ಯಾ ಎಂದರು, ನಾವು ಕೊಸೈನ್ ಎನ್ನುತ್ತೇವೆ.

ಶಾಲೆಯಲ್ಲಿ ಕೊಸೈನ್ ಎಂದರೆ ಲಂಬಕೋನ ತ್ರಿಭುಜದ ಪಾರ್ಶ್ವಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು ಎಂದು ಕಲಿಯುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಭಾಗಾಕಾರದ ಹಿಂದೆ ಇನ್ನೂ ದೊಡ್ಡ ಸಂಗತಿಯೊಂದಿದೆ. ಕೋನ ತುಸು ಹಿಗ್ಗಿದಾಗ ಸೈನ್ ಎಷ್ಟು ಹಿಗ್ಗುತ್ತದೆ ಎಂಬುದನ್ನು ತಿಳಿಸುವುದು ಕೊಸೈನ್. ಕೊಸೈನ್ ಎಷ್ಟು ಕುಗ್ಗುತ್ತದೆ ಎಂಬುದನ್ನು ತಿಳಿಸುವುದು ಸೈನ್. ಒಂದರ ಬದಲಾವಣೆಯ ಲೆಕ್ಕ ಇನ್ನೊಂದರ ಕೈಯಲ್ಲಿದೆ. ಈ ಪರಸ್ಪರ ಸಂಬಂಧದ ಸುಳಿವು 5ನೇ ಶತಮಾನದಲ್ಲಿ ಆರ್ಯಭಟನ ಕುಸುಮಪುರದಲ್ಲಿ ಸಿಕ್ಕಿತು, 12ನೇ ಶತಮಾನದಲ್ಲಿ ಸ್ಪಷ್ಟವಾಯಿತು, ಕೇರಳದಲ್ಲಿ ಅದರ ಪೂರ್ತಿ ಫಲ ಕೈಗೆ ಬಂತು. ಸುಮಾರು ಒಂದು ಸಾವಿರ ವರ್ಷಗಳ ಕಥೆ ಇದು.

ಆರ್ಯಭಟನ ಇಪ್ಪತ್ತನಾಲ್ಕು ಸಂಖ್ಯೆಗಳು

ಕ್ರಿ.ಶ. 499ರ ಹೊತ್ತಿಗೆ ತನಗೆ 23 ವರ್ಷ ತುಂಬಿತ್ತೆಂದು ಆರ್ಯಭಟನೇ ಹೇಳಿಕೊಂಡಿದ್ದಾನೆ. ಅವನ ‘ಆರ್ಯಭಟೀಯ’ದಲ್ಲಿ ವೃತ್ತದ ಪರಿಧಿ 21,600 ಕಲೆ. ಡಿಗ್ರಿಗೆ 60 ಕಲೆಯಂತೆ 360 ಡಿಗ್ರಿ. ಪರಿಧಿಯನ್ನು ಅಳೆದ ಮಾನದಲ್ಲೇ ತ್ರಿಜ್ಯವನ್ನೂ ಅಳೆದರೆ ಅದು 3438 ಕಲೆಯಾಗುತ್ತದೆ. ವೃತ್ತದ ಮೇಲೊಂದು ಬಿಂದು ಹಿಡಿದು ಅಡ್ಡಗೆರೆಗೆ ನೇರ ಇಳಿಸಿದ ಲಂಬವೇ ಜ್ಯಾ. ಕೇಂದ್ರದಿಂದ ಆ ಲಂಬದ ಬುಡದವರೆಗಿನ ಉದ್ದವೇ ಕೋಟಿಜ್ಯಾ. ಬುಡದಿಂದಾಚೆ ವೃತ್ತದ ಅಂಚಿನವರೆಗೆ ಉಳಿಯುವ ತುಂಡಿಗೆ ಶರ ಎಂದು ಹೆಸರು. ತ್ರಿಜ್ಯದಲ್ಲಿ ಶರವನ್ನು ಕಳೆದರೆ ಕೋಟಿಜ್ಯಾ ಬರುತ್ತದೆ.

ಇದರಿಂದ ಆಗುವ ಕೆಲಸ ನೂರಾರು. ವಿಷುವದ ದಿನ ನಡುಮಧ್ಯಾಹ್ನ ಅಂಗಳದಲ್ಲಿ 12 ಅಂಗುಲದ ಶಂಕು ನೆಟ್ಟು ನೆರಳನ್ನು ಅಳೆಯುತ್ತಿದ್ದರು. ನಿಳಾ ತೀರದಲ್ಲಿ ಆ ನೆರಳು ಎರಡೂಕಾಲು ಅಂಗುಲಕ್ಕಿಂತ ತುಸು ಹೆಚ್ಚು ಬೀಳುತ್ತದೆ. ಶಂಕುವಿನ ತುದಿಯಿಂದ ನೆರಳಿನ ತುದಿಗೆ ಎಳೆದ ಕರ್ಣ ಸುಮಾರು 12.2 ಅಂಗುಲ. ನೆರಳನ್ನು ಕರ್ಣದಿಂದ ಭಾಗಿಸಿದರೆ ಆ ಊರಿನ ಅಕ್ಷಾಂಶದ ಸೈನ್, ಶಂಕುವನ್ನು ಭಾಗಿಸಿದರೆ ಕೊಸೈನ್. ಈ ಎರಡನೆಯದನ್ನು ಲಂಬಜ್ಯಾ ಎಂದು ಕರೆದು, ಅದರಿಂದ ಆ ಅಕ್ಷಾಂಶದಲ್ಲಿ ಭೂಮಿಯ ಸುತ್ತಳತೆ ಎಷ್ಟು ಕುಗ್ಗುತ್ತದೆ, ಉಜ್ಜಯಿನಿಯ ಮಧ್ಯರೇಖೆಗೂ ತಮ್ಮೂರಿಗೂ ಸೂರ್ಯೋದಯದಲ್ಲಿ ಎಷ್ಟು ಅಂತರ ಎಂಬ ಲೆಕ್ಕ ಹಾಕುತ್ತಿದ್ದರು. ಪಂಚಾಂಗದ ತಿಥಿ, ಗ್ರಹಣದ ವೇಳೆ, ಹಗಲಿನ ಉದ್ದ ಎಲ್ಲಕ್ಕೂ ಜ್ಯಾ ಮತ್ತು ಕೋಟಿಜ್ಯಾ ಬೇಕೇ ಬೇಕು.

ಆರ್ಯಭಟ ಕಾಲು ವೃತ್ತವನ್ನು 24 ಭಾಗ ಮಾಡಿದ. ಒಂದೊಂದು ಭಾಗ 225 ಕಲೆ, ಅಂದರೆ 3¾ ಡಿಗ್ರಿ. ಅವನು ಬರೆದಿಟ್ಟದ್ದು ಜ್ಯಾಗಳನ್ನಲ್ಲ, ಒಂದು ಜ್ಯಾಕ್ಕೂ ಮುಂದಿನದಕ್ಕೂ ನಡುವಿನ ಅಂತರಗಳನ್ನು. 225, 224, 222, 219, 215 ಎಂದು ಶುರುವಾಗುವ ಆ ಪಟ್ಟಿ ಕೊನೆಗೆ 37, 22, 7ಕ್ಕೆ ಇಳಿಯುತ್ತದೆ. ಮೊದಲಿನವನ್ನು ಕೂಡುತ್ತ ಹೋದರೆ ಜ್ಯಾಗಳು ಸಿಗುತ್ತವೆ: 225, 449, 671, 890. ಈಗ ಅಂತರಗಳ ಅಂತರ ನೋಡಿ: 1, 2, 3, 4. ಜ್ಯಾಗಳನ್ನು 225ರಿಂದ ಭಾಗಿಸಿ: 1, ಹತ್ತಿರ ಹತ್ತಿರ 2, ಹತ್ತಿರ ಹತ್ತಿರ 3, ಹತ್ತಿರ ಹತ್ತಿರ 4. ಅಂತರ ಎಷ್ಟರಮಟ್ಟಿಗೆ ಕುಗ್ಗುತ್ತದೆ ಎಂಬುದನ್ನು ಜ್ಯಾ ತಾನೇ ನಿರ್ಧರಿಸುತ್ತಿದೆ. ಆರ್ಯಭಟ ಇದನ್ನು ಪಟ್ಟಿ ಕಟ್ಟುವ ನಿಯಮವಾಗಿಯೇ ಹೇಳಿದ. ಏಕೆ ಹಾಗೆ ಎಂದು ವಿವರಿಸಲಿಲ್ಲ. ಸೂತ್ರದಂತೆ ಅಡಕವಾಗಿ ಹೇಳುವುದು ಆ ಗ್ರಂಥದ ರೀತಿ. ಆ ‘ಏಕೆ’ಗೆ ಉತ್ತರ ಹುಡುಕುತ್ತ ಮುಂದಿನ ತಲೆಮಾರುಗಳು ದುಡಿದವು.

ಆ ಕ್ಷಣದ ಗತಿ

ಚಂದ್ರ ಆಕಾಶದಲ್ಲಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಒಂದು ದಿನ ಸುಮಾರು 12 ಡಿಗ್ರಿ ಸರಿದರೆ, ತಿಂಗಳ ಇನ್ನೊಂದು ದಿನ 15ರ ಹತ್ತಿರ ಸರಿಯುತ್ತಾನೆ. ತಿಥಿ ಮುಗಿಯುವ ಗಳಿಗೆ, ಗ್ರಹಣ ಹಿಡಿಯುವ ಗಳಿಗೆ ತಿಳಿಯಬೇಕಾದರೆ ಇಡೀ ದಿನದ ಸರಾಸರಿ ವೇಗ ಸಾಲದು, ಆ ಕ್ಷಣದ ವೇಗ ಬೇಕು. 1114ರಲ್ಲಿ ಹುಟ್ಟಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ ಬರೆದ ಎರಡನೇ ಭಾಸ್ಕರ ಅದಕ್ಕೆ ತಾತ್ಕಾಲಿಕ ಗತಿ ಎಂದ. ತನ್ನ ಊರು ಸಹ್ಯಾದ್ರಿಯ ವಿಜ್ಜಡವಿಡ ಎಂದು ಅವನು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಖಾನ್‌ದೇಶದ ಪಾಟಣದ ಕಡೆಯದು ಎನ್ನುವವರೂ ಇದ್ದಾರೆ.

ಚಂದ್ರನ ವೇಗದ ಏರಿಳಿತ ಒಂದು ಜ್ಯಾದ ಏರಿಳಿತಕ್ಕೆ ಕಟ್ಟುಬಿದ್ದಿದೆ. ಹಾಗಾದರೆ ಜ್ಯಾ ಈ ಕ್ಷಣದಲ್ಲಿ ಎಷ್ಟು ಬೇಗ ಬದಲಾಗುತ್ತಿದೆ? ಕೋಟಿಜ್ಯಾ ಎಷ್ಟಿದೆಯೋ ಆ ಪ್ರಮಾಣದಲ್ಲಿ ಎಂದ ಭಾಸ್ಕರ. 10ನೇ ಶತಮಾನದ ಮುಂಜಾಲನ ‘ಲಘುಮಾನಸ’ದಲ್ಲೇ ಇದರ ಬಳಕೆ ಇದೆ, ಭಾಸ್ಕರ ಅದನ್ನು ಬಿಡಿಸಿ ಹೇಳಿದ. ಉಯ್ಯಾಲೆಯಲ್ಲಿ ಕೂತವರಿಗೆ ಇದು ಮೈಗೇ ಗೊತ್ತು: ತುತ್ತತುದಿಗೆ ಹೋದಾಗ ಒಂದು ಕ್ಷಣ ವೇಗವೇ ಇರುವುದಿಲ್ಲ, ನಡುವೆ ಹಾಯುವಾಗ ವೇಗ ಎಲ್ಲಕ್ಕಿಂತ ಹೆಚ್ಚು. ಜ್ಯಾ ತುದಿ ಮುಟ್ಟುವ 90 ಡಿಗ್ರಿಯಲ್ಲಿ ಕೋಟಿಜ್ಯಾ ಸೊನ್ನೆ. ಜ್ಯಾ ಸೊನ್ನೆಯಾಗಿರುವಲ್ಲಿ ಕೋಟಿಜ್ಯಾ ತ್ರಿಜ್ಯದಷ್ಟು.

ಇದನ್ನು ಆರ್ಯಭಟನ ಪಟ್ಟಿಯಲ್ಲೇ ಪರೀಕ್ಷಿಸಬಹುದು. 60 ಡಿಗ್ರಿಯಲ್ಲಿ ಕೋಟಿಜ್ಯಾ ತ್ರಿಜ್ಯದ ಅರ್ಧ. ಭಾಸ್ಕರನ ಮಾತು ನಿಜವಾದರೆ ಅಲ್ಲಿ ಜ್ಯಾ 225 ಕಲೆಗೆ 112.5 ಕಲೆಯಂತೆ ಏರುತ್ತಿರಬೇಕು. 60 ಡಿಗ್ರಿ ಎಂದರೆ 16ನೇ ಜ್ಯಾ. ಅದಕ್ಕಿಂತ ಮುಂಚಿನ ಅಂತರ 119, ಅದರ ನಂತರದ್ದು 106. ಎರಡರ ಸರಾಸರಿ 112.5. ಆರೂವರೆ ಶತಮಾನ ಹಿಂದಿನ ಪಟ್ಟಿ ಹೀಗೆ ಅಕ್ಷರಶಃ ಸಾಕ್ಷಿ ಹೇಳುತ್ತದೆ.

ಮಾಧವ ಮತ್ತು ಮುಗಿಯದ ಸಾಲು

ಪಟ್ಟಿ ಎಷ್ಟೇ ಒಳ್ಳೆಯದಾದರೂ ಅದು 24 ಜಾಗಗಳಲ್ಲಿ ಮಾತ್ರ ಉತ್ತರ ಕೊಡುತ್ತದೆ, ಅದೂ ಕಲೆಯ ಮಟ್ಟಿಗೆ. ನಡುವಿನ ಕೋನಗಳಿಗೆ ಅಂದಾಜು ಹಾಕಬೇಕು. ಒಂದನೇ ಭಾಸ್ಕರ ಮತ್ತು ಬ್ರಹ್ಮಗುಪ್ತ 7ನೇ ಶತಮಾನದಲ್ಲಿ ಇದಕ್ಕೆ ಚತುರ ಉಪಾಯಗಳನ್ನು ಕಂಡುಕೊಂಡರು. ಆದರೂ ಯಾವುದೇ ಕೋನ ಕೊಟ್ಟರೆ, ಬೇಕಾದಷ್ಟು ನಿಖರವಾಗಿ ಕೋಟಿಜ್ಯಾ ತೆಗೆಯುವ ದಾರಿ ಇರಲಿಲ್ಲ.

ಆ ದಾರಿ ತೆರೆದವನು ಸಂಗಮಗ್ರಾಮದ ಮಾಧವ. ಅವನ ಕಾಲ ಸುಮಾರು 1340ರಿಂದ 1425. ನಿಳೆಗೆ ದಕ್ಷಿಣದಲ್ಲಿರುವ ಇರಿಂಜಾಲಕ್ಕುಡವೇ ಸಂಗಮಗ್ರಾಮ ಎಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಗೋಳವಿದ್ ಎಂದು ಶಿಷ್ಯಪರಂಪರೆ ಗೌರವದಿಂದ ಕರೆದ ಮಾಧವನ ಗ್ರಂಥಗಳಲ್ಲಿ ನಮ್ಮ ಕೈಗೆ ಸಿಕ್ಕಿರುವ ‘ವೇಣ್ವಾರೋಹ’, ‘ಸ್ಫುಟಚಂದ್ರಾಪ್ತಿ’ ಎಂಬವು ಚಂದ್ರನ ಲೆಕ್ಕದವು. ಅವನ ಅನಂತ ಶ್ರೇಣಿಗಳು ಉಳಿದದ್ದು ಶಿಷ್ಯರ ಪುಸ್ತಕಗಳಲ್ಲಿ, ಮಾಧವ ಹೇಳಿದ್ದು ಎಂಬ ಉಲ್ಲೇಖದೊಂದಿಗೆ.

ಕೊಸೈನಿಗೆ ಅವನು ಕೊಟ್ಟ ಶ್ರೇಣಿಯನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು. ತ್ರಿಜ್ಯವನ್ನು ಒಂದು ಎಂದು ಹಿಡಿದು, ಚಾಪವನ್ನೂ ಅದೇ ಮಾನದಲ್ಲಿ ಅಳೆಯಿರಿ. ಒಂದರಿಂದ ಚಾಪದ ವರ್ಗದ ಅರ್ಧ ಕಳೆಯಿರಿ. ಚಾಪದ ನಾಲ್ಕನೇ ಘಾತವನ್ನು 24ರಿಂದ ಭಾಗಿಸಿ ಕೂಡಿಸಿ. ಆರನೇ ಘಾತವನ್ನು 720ರಿಂದ ಭಾಗಿಸಿ ಕಳೆಯಿರಿ. ಹೀಗೆ ಕಳೆಯುತ್ತ, ಕೂಡುತ್ತ ಮುಂದುವರಿದರೆ ಒಂದೊಂದು ಹೆಜ್ಜೆಗೂ ಉತ್ತರ ನಿಜದ ಹತ್ತಿರಕ್ಕೆ ಬರುತ್ತದೆ. ಭಾಜಕಗಳು ಒಂದರಿಂದ ನಾಲ್ಕರವರೆಗಿನ, ಒಂದರಿಂದ ಆರರವರೆಗಿನ ಸಂಖ್ಯೆಗಳ ಗುಣಲಬ್ಧಗಳು. ಅವು ಬಲುಬೇಗ ದೊಡ್ಡದಾಗುವುದರಿಂದ ಕೆಲವೇ ಪದಗಳಲ್ಲಿ ಕೆಲಸ ಮುಗಿಯುತ್ತದೆ.

ಪ್ರತಿ ಸಲ ಘಾತ, ಭಾಗಾಕಾರ ಮಾಡುವ ಕಷ್ಟವನ್ನೂ ಮಾಧವ ತಪ್ಪಿಸಿದ. 90 ಡಿಗ್ರಿಗೆ ಬೇಕಾದ ಆರು ಪದಗಳನ್ನು ಮೊದಲೇ ಲೆಕ್ಕ ಹಾಕಿ, ಬಾಯಿಪಾಠ ಮಾಡಲು ಬರುವಂತೆ, ಅಕ್ಷರಗಳನ್ನು ಅಂಕಿಗಳಾಗಿ ಓದುವ ಕಟಪಯಾದಿಯಲ್ಲಿ ಕಟ್ಟಿಕೊಟ್ಟ. ಕರ್ನಾಟಕ ಸಂಗೀತ ಕಲಿತವರಿಗೆ ಈ ಪದ್ಧತಿ ಹೊಸದಲ್ಲ. ಧೀರಶಂಕರಾಭರಣದ ‘ಧೀ’ ಒಂಬತ್ತು, ‘ರ’ ಎರಡು. ತಿರುಗಿಸಿ ಓದಿದರೆ 29ನೇ ಮೇಳ. ಮಾಧವನ ಸಂಖ್ಯಾಪದಗಳಲ್ಲಿ ಒಂದು ‘ಸುಗಂಧಿನಗನುದ್’. ಸು 7, ಗ 3, ಧಿ 9, ನ 0, ಗ 3, ನು 0. ಸ್ವರವಿಲ್ಲದ ಕೊನೆಯ ದ್ ಲೆಕ್ಕಕ್ಕಿಲ್ಲ. ಬಲದಿಂದ ಎಡಕ್ಕೆ ಓದಿದರೆ 03 09 37, ಅಂದರೆ 3 ಕಲೆ, ಕಲೆಯ ಅರವತ್ತನೇ ಒಂದು ಭಾಗವಾದ ವಿಕಲೆ 9, ವಿಕಲೆಯ ಅರವತ್ತನೇ ಒಂದು ಭಾಗದಂಥವು 37. ಇದು ಎಂಟನೇ ಘಾತದ ಪದ. ಇಂದಿನ ಲೆಕ್ಕಯಂತ್ರದಲ್ಲಿ ಹಾಕಿ ನೋಡಿದರೂ ಇದೇ ಬರುತ್ತದೆ.

ಈ ಆರು ಸಂಖ್ಯೆಗಳಿಂದ 60 ಡಿಗ್ರಿಯ ಕೋಟಿಜ್ಯಾ ತೆಗೆದು ನೋಡೋಣ. 60 ಎಂಬುದು 90ರ ಮೂರನೇ ಎರಡು ಭಾಗ, ಅದರ ವರ್ಗ ಒಂಬತ್ತನೇ ನಾಲ್ಕು. ಆರ್ಯಭಟನ 3438ರ ಜಾಗದಲ್ಲಿ ಮಾಧವನ ತ್ರಿಜ್ಯಾ 3437 ಕಲೆ 44 ವಿಕಲೆ 48, ದಶಮಾಂಶದಲ್ಲಿ 3437.7467. ಮೊದಲ ಪದ ಕಳೆದರೆ 1552.7911. ಎರಡನೆಯದು ಕೂಡಿದರೆ 1725.0482. ಮೂರನೆಯದು ಕಳೆದರೆ 1718.7515. ನಾಲ್ಕನೆಯದಕ್ಕೆ 1718.8748, ಐದನೆಯದಕ್ಕೆ 1718.8733. ತ್ರಿಜ್ಯದ ಅರ್ಧವೂ 1718.8733. ಸಾಧಕರು ಇದನ್ನು ತುದಿಯಿಂದ ಹಿಂದಕ್ಕೆ ಮಾಡುತ್ತಿದ್ದರು: ಅತಿ ಚಿಕ್ಕ ಪದವನ್ನು ವರ್ಗದಿಂದ ಗುಣಿಸಿ ಅದರ ಹಿಂದಿನ ಪದದಲ್ಲಿ ಕಳೆದು, ಮತ್ತೆ ಗುಣಿಸಿ, ಮತ್ತೆ ಕಳೆದು ಶರ ತೆಗೆಯುವುದು, ಕೊನೆಗೆ ತ್ರಿಜ್ಯದಿಂದ ಶರ ಕಳೆದು ಕೋಟಿಜ್ಯಾ ಪಡೆಯುವುದು. ತಾಳೆಗರಿ, ಕವಡೆ, ನೆನಪು ಇಷ್ಟರಿಂದಲೇ ಆಗುವ ಕೆಲಸ.

ಯುಕ್ತಿ ಹೇಳಿದವರು

ಮಾಧವನ ಶಿಷ್ಯ, ಆಲತ್ತಿಯೂರಿನ ವಟಶ್ಶೇರಿ ಮನೆಯ ಪರಮೇಶ್ವರ 55 ವರ್ಷ ಆಕಾಶ ನೋಡಿದ. ಗ್ರಹಣಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡು, ಹಳೆಯ ಲೆಕ್ಕ ಕಣ್ಣಿಗೆ ಕಾಣುವುದಕ್ಕಿಂತ ಎಷ್ಟು ಬೇರೆಯಾಗಿದೆ ಎಂದು ತಿದ್ದಿ 1431ರಲ್ಲಿ ‘ದೃಗ್ಗಣಿತ’ ಬರೆದ. ಕಂಡದ್ದಕ್ಕೆ ಹೊಂದದ ಲೆಕ್ಕವನ್ನು ತಿದ್ದಬೇಕು ಎಂಬುದು ಈ ಮನೆತನದ ನೇಮವಾಯಿತು. ಪರಮೇಶ್ವರನ ಮಗ ದಾಮೋದರ, ದಾಮೋದರನ ಶಿಷ್ಯ ತೃಕ್ಕಂಡಿಯೂರಿನ ನೀಲಕಂಠ ಸೋಮಯಾಜಿ. ನೀಲಕಂಠ 1500ರ ಸುಮಾರಿಗೆ ‘ತಂತ್ರಸಂಗ್ರಹ’ ಮುಗಿಸಿದ. ಆ ವರ್ಷ ಡಿಸೆಂಬರಿನಲ್ಲಿ ಪೋರ್ಚುಗೀಸರ ಕಬ್ರಾಲ್ ಕಲ್ಲಿಕೋಟೆಯ ಮೇಲೆ ಫಿರಂಗಿ ಹಾರಿಸಿದ. ಕರಾವಳಿಯ ಇತಿಹಾಸವೇ ತಿರುಗುತ್ತಿದ್ದ ಕಾಲದಲ್ಲಿ ಕೆಲವೇ ಹರದಾರಿ ದೂರದ ಈ ಮನೆಗಳಲ್ಲಿ ಪಾಠ ನಿಲ್ಲಲಿಲ್ಲ.

ದಾಮೋದರನ ಇನ್ನೊಬ್ಬ ಶಿಷ್ಯ ಜ್ಯೇಷ್ಠದೇವ ಸುಮಾರು 1530ರಲ್ಲಿ ‘ಯುಕ್ತಿಭಾಷಾ’ ಬರೆದ. ಸಂಸ್ಕೃತ ಪದ್ಯದ ವಾಡಿಕೆ ಬಿಟ್ಟು ಅವನು ಮಲಯಾಳದ ಗದ್ಯ ಆರಿಸಿಕೊಂಡ. ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಲು ಪದ್ಯ ಒಳ್ಳೆಯದು. ಅದು ಏಕೆ ನಿಜ ಎಂದು ಹಂತಹಂತವಾಗಿ ಒಪ್ಪಿಸಲು ಆಡುಮಾತಿನ ನಡೆಯೇ ಬೇಕು. ಈ ಪುಸ್ತಕದ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಮಾಧವನ ಶ್ರೇಣಿಗಳಿಗೆ ಉಪಪತ್ತಿ ಪೂರ್ತಿಯಾಗಿ ಸಿಗುವುದು ಇದರಲ್ಲಿ.

ಜ್ಯೇಷ್ಠದೇವ ಮಾಡಿದ್ದಿಷ್ಟು. ಚಾಪವನ್ನು ಲೆಕ್ಕವಿಲ್ಲದಷ್ಟು ಸಣ್ಣ ಸಮತುಂಡುಗಳಾಗಿ ಒಡೆದ. ಒಂದೊಂದು ತುಂಡಿನಲ್ಲೂ ಎರಡು ಸದೃಶ ತ್ರಿಭುಜಗಳನ್ನು ಹೋಲಿಸಿ, ಜ್ಯಾದ ಏರಿಕೆ ಆ ತುಂಡಿನ ನಡುವಿನ ಕೋಟಿಜ್ಯಾವನ್ನು ಅನುಸರಿಸುತ್ತದೆ, ಕೋಟಿಜ್ಯಾದ ಇಳಿಕೆ ಜ್ಯಾವನ್ನು ಅನುಸರಿಸುತ್ತದೆ ಎಂದು ತೋರಿಸಿದ. ಆರ್ಯಭಟನ ಪಟ್ಟಿಯಲ್ಲಿ 1, 2, 3, 4 ಎಂದು ಕಂಡದ್ದರ ಕಾರಣ ಇಲ್ಲಿ ಬಯಲಾಯಿತು. ಆಮೇಲೆ ಒಂದು ಸಾಹಸ ಮಾಡಿದ. ಮೊದಲಿಗೆ ಜ್ಯಾ ಚಾಪದಷ್ಟೇ ಉದ್ದ ಎಂದು ಇಟ್ಟುಕೊಳ್ಳೋಣ ಎಂದ. ಅದು ತಪ್ಪೆಂದು ಗೊತ್ತು, ಆದರೂ ಆ ಅಂದಾಜಿನಿಂದ ಕೋಟಿಜ್ಯಾದ ಇಳಿಕೆಗಳನ್ನೆಲ್ಲ ಕೂಡಿದರೆ ಶರ ಚಾಪದ ವರ್ಗದ ಅರ್ಧ ಎಂದು ಬರುತ್ತದೆ. ಈ ಶರದಿಂದ ಜ್ಯಾವನ್ನು ತಿದ್ದಿದರೆ ಘನದ ಆರನೇ ಒಂದು ಭಾಗ ಕಳೆಯಬೇಕು ಎಂದು ತಿಳಿಯುತ್ತದೆ. ತಿದ್ದಿದ ಜ್ಯಾದಿಂದ ಶರವನ್ನು ಮತ್ತೆ ತಿದ್ದಿದರೆ ನಾಲ್ಕನೇ ಘಾತದ 24ನೇ ಒಂದು ಭಾಗ. ಒಂದನ್ನು ತಿದ್ದಲು ಇನ್ನೊಂದು, ಅದನ್ನು ತಿದ್ದಲು ಮತ್ತೆ ಮೊದಲನೆಯದು. ಈ ತಿದ್ದುವಿಕೆಗೆ ಕೊನೆಯಿಲ್ಲ. ಆದ್ದರಿಂದ ಶ್ರೇಣಿಗೂ ಕೊನೆಯಿಲ್ಲ. ಸಂಖ್ಯೆಗಳ ಮೊತ್ತ, ವರ್ಗಗಳ ಮೊತ್ತ, ಘನಗಳ ಮೊತ್ತ, ಮೊತ್ತಗಳ ಮೊತ್ತ ಎಂಬ ಸಂಕಲಿತಗಳ ಅಧ್ಯಾಯವನ್ನು ಅವನು ಇದಕ್ಕಾಗಿಯೇ ಮೊದಲು ಕಟ್ಟಿಟ್ಟುಕೊಂಡಿದ್ದ. ಇಂದು ಕಲನಶಾಸ್ತ್ರದಲ್ಲಿ ಅನುಕಲನ ಎಂದು ಕಲಿಸುವ ವಿಷಯದ ಒಂದು ಭಾಗವೇ ಇದು.

ಮರೆವು ಮತ್ತು ಮರುಹುಟ್ಟು

ಯುರೋಪಿನಲ್ಲಿ ಸೈನ್, ಕೊಸೈನ್ ಶ್ರೇಣಿಗಳನ್ನು ನ್ಯೂಟನ್ 1669ರ ತನ್ನ ಬರಹದಲ್ಲಿ ದಾಖಲಿಸಿದ. ಕೇರಳದಿಂದ ಅಲ್ಲಿಗೆ ಈ ವಿದ್ಯೆ ಹೋಯಿತೆಂದು ತೋರಿಸುವ ದಾಖಲೆ ಸಿಕ್ಕಿಲ್ಲ. ನ್ಯೂಟನ್ ಬೇರೆ ದಾರಿಯಿಂದ ಅದೇ ಶಿಖರಕ್ಕೆ ಹತ್ತಿದ. ವ್ಯತ್ಯಾಸವಾದದ್ದು ಮುಂದೆ. ಯುರೋಪಿನಲ್ಲಿ ಅಚ್ಚಿನ ಪುಸ್ತಕ, ಪತ್ರವ್ಯವಹಾರ, ವಿಜ್ಞಾನ ಸಂಘಗಳು ಆ ಶ್ರೇಣಿಗಳನ್ನು ಎಲ್ಲೆಡೆಗೆ ಹರಡಿದವು. ಕೇರಳದ ತಾಳೆಗರಿಗಳು ಕೆಲವು ಮನೆಗಳ ಪೆಟ್ಟಿಗೆಯಲ್ಲೇ ಉಳಿದವು.

ಮದರಾಸು ಸರ್ಕಾರದ ಅಧಿಕಾರಿಯಾಗಿ ಮಲಬಾರಿನಲ್ಲಿದ್ದ ಚಾರ್ಲ್ಸ್ ವಿಷ್ ‘ತಂತ್ರಸಂಗ್ರಹ’, ‘ಯುಕ್ತಿಭಾಷಾ’, ‘ಕರಣಪದ್ಧತಿ’, ‘ಸದ್ರತ್ನಮಾಲಾ’ ಎಂಬ ನಾಲ್ಕು ಗ್ರಂಥಗಳನ್ನು ಓದಿ, ಅವುಗಳಲ್ಲಿ ಅನಂತ ಶ್ರೇಣಿಗಳಿವೆ ಎಂದು ಒಂದು ಪ್ರಬಂಧ ಬರೆದರು. 1832ರಲ್ಲಿ ಅದನ್ನು ವಿದ್ವಾಂಸರ ಸಭೆಯಲ್ಲಿ ಓದಲಾಯಿತು. ಅದು ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗುವ ಮುನ್ನವೇ, 1833ರಲ್ಲಿ ವಿಷ್ ತೀರಿಕೊಂಡರು. ಆಮೇಲೆ ನೂರು ವರ್ಷ ಹೆಚ್ಚಿನವರು ಅದರತ್ತ ತಿರುಗಿ ನೋಡಲಿಲ್ಲ. 1940ರ ದಶಕದಲ್ಲಿ ಮದರಾಸಿನ ಸಿ.ಟಿ. ರಾಜಗೋಪಾಲ್ ಮತ್ತು ಜೊತೆಗಾರರು ಈ ಉಪಪತ್ತಿಗಳನ್ನು ಆಧುನಿಕ ಗಣಿತದ ಭಾಷೆಯಲ್ಲಿ ವಿವರಿಸಿದರು. 1948ರಲ್ಲಿ ರಾಮವರ್ಮ ಮರು ತಂಪುರಾನ್ ಮತ್ತು ಅಖಿಲೇಶ್ವರ ಅಯ್ಯರ್ ಟಿಪ್ಪಣಿಗಳೊಡನೆ ‘ಯುಕ್ತಿಭಾಷಾ’ದ ಗಣಿತ ಭಾಗ ಪ್ರಕಟಿಸಿದರು. ಜೀವನವಿಡೀ ಹಸ್ತಪ್ರತಿ ಹುಡುಕಿ ಸಂಪಾದಿಸಿದ ಕೆ.ವಿ. ಶರ್ಮರ ಇಂಗ್ಲಿಷ್ ಅನುವಾದ, ರಾಮಸುಬ್ರಮಣಿಯನ್, ಶ್ರೀನಿವಾಸ್, ಶ್ರೀರಾಮ್ ಅವರ ವಿವರಣೆಯೊಡನೆ 2008ರಲ್ಲಿ ಹೊರಬಂತು.

ಅಷ್ಟರಲ್ಲಿ ಕೊಸೈನ್ ಜಗತ್ತಿನ ಕೆಲಸಗಳಲ್ಲೆಲ್ಲ ಸೇರಿಹೋಗಿತ್ತು. ಶಾಖ ಲೋಹದಲ್ಲಿ ಹೇಗೆ ಹರಿಯುತ್ತದೆ ಎಂದು ಹುಡುಕಿದ ಫೂರಿಯೆ, ಎಂಥ ಏರಿಳಿತವನ್ನೂ ಸೈನ್ ಮತ್ತು ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಬಹುದು ಎಂದು 1822ರಲ್ಲಿ ವಾದಿಸಿದ. ಅಲ್ಲೂ ಬಳಕೆಯಾದದ್ದು ಆ ಪರಸ್ಪರ ಸಂಬಂಧವೇ: ಬದಲಾವಣೆಯ ಬದಲಾವಣೆ ತೆಗೆದರೆ ಈ ಅಲೆಗಳು ಮತ್ತೆ ತಮ್ಮದೇ ರೂಪಕ್ಕೆ ಮರಳುತ್ತವೆ. ಆದ್ದರಿಂದಲೇ ಶಾಖ, ಶಬ್ದ, ಬೆಳಕು, ವಿದ್ಯುತ್ತಿನ ಲೆಕ್ಕಗಳಿಗೆ ಇವು ಒಗ್ಗುತ್ತವೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಅವರು ಅಮೆರಿಕದ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, ಚಿತ್ರವೊಂದನ್ನು ಬರಿಯ ಕೊಸೈನ್ ಅಲೆಗಳಾಗಿ ಒಡೆಯುವ ವಿಧಾನ ರೂಪಿಸಿದರು. ತೀರ ಸರಳ ಎಂಬ ಕಾರಣಕ್ಕೆ ಮೊದಲಿಗೆ ಧನಸಹಾಯವೇ ಸಿಗಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಜೆಪಿಇಜಿ ಚಿತ್ರದಲ್ಲಿ ಅಗಲ 8, ಎತ್ತರ 8 ಚುಕ್ಕೆಗಳ ಒಂದೊಂದು ತುಣುಕೂ 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯಲ್ಪಡುತ್ತದೆ. ಕಣ್ಣಿಗೆ ಅಷ್ಟಾಗಿ ತಿಳಿಯದ ನವುರು ವಿನ್ಯಾಸಗಳನ್ನು ಕೈಬಿಟ್ಟು ಕಡತ ಹಗುರವಾಗುತ್ತದೆ. ಫೋನಿನಿಂದ ಫೋನಿಗೆ ಹೋಗುವ ಫೋಟೊಗಳಲ್ಲಿ ಬಹುಪಾಲು ಹೀಗೇ ಸಾಗುತ್ತವೆ.

ಇಷ್ಟೆಲ್ಲ ಕೆಲಸ ಮಾಡುವ ಕೊಸೈನನ್ನು ನಮ್ಮ ಮಕ್ಕಳು ಐದು ಕೋನಗಳ ಬೆಲೆಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ಆರ್ಯಭಟನ 24 ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು, ಅಂತರಗಳ ಅಂತರ ತೆಗೆಯಿರಿ ಎಂದರೆ ಎಂಟನೇ ತರಗತಿಯ ಹುಡುಗಿಗೂ ಆ ಲೆಕ್ಕ ಬರುತ್ತದೆ, ಏಕೆಂದರೆ ಅದಕ್ಕೆ ಕಳೆಯಲು ಬಂದರೆ ಸಾಕು. 119ಕ್ಕೂ 106ಕ್ಕೂ ಸರಾಸರಿ ತೆಗೆದು 225ರ ಅರ್ಧ ಕಂಡವಳಿಗೆ ಏಕೆ ಹೀಗೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಆ ಪ್ರಶ್ನೆಗೆ ಅವಳ ಭಾಷೆಯಲ್ಲೇ ಉತ್ತರ ಹೇಳಬೇಕು, ಜ್ಯೇಷ್ಠದೇವ ತನ್ನವರಿಗೆ ಹೇಳಿದಂತೆ. ಕನ್ನಡದ ಗಣಿತ ಪುಸ್ತಕಗಳು ಸೂತ್ರದ ಜೊತೆಗೆ ಯುಕ್ತಿಯನ್ನೂ ಕೊಡಲು ತೊಡಗಿದರೆ, ನಮ್ಮ ತರಗತಿಗಳಲ್ಲಿ ಕೊಸೈನ್ ಮತ್ತೆ ಅರ್ಥವಾಗುವ ವಿಷಯವಾಗುತ್ತದೆ.